ಟಪಾಲಪ್ಪನ ಇ-ಪೋರ್ಟ್‌ಫೋಲಿಯೊ

ಈ ಲೋಕದಲ್ಲಿ ಬರೆಯುವವರಿದ್ದಾರೆ, ಬರೆದದ್ದಕ್ಕೆ ಸಹಿ ಹಾಕುವವರಿದ್ದಾರೆ, ಸಹಿ ಹಾಕಿದ್ದನ್ನು ಕಟ್ಟಿ ಅಟ್ಟಕ್ಕೆ ಎಸೆಯುವವರೂ ಇದ್ದಾರೆ. ಓದುವವನು ಮಾತ್ರ ಇನ್ನೂ ಹುಟ್ಟಿಲ್ಲ. ಇದು ಟಪಾಲಪ್ಪನ ಸಿದ್ಧಾಂತ. ಸುಮ್ಮನೆ ಬಾಯಿಗೆ ಬಂದಂತೆ ಆಡಿದ ಮಾತಲ್ಲ, ಅನುಭವದ ಮಾತು. ನೀರು ಸರಬರಾಜು ಕಚೇರಿಯಲ್ಲಿ ಬರುವ ಟಪಾಲು ತೆಗೆದುಕೊಂಡು, ಹೋಗುವ ಟಪಾಲು ಬರೆಯುವುದು ಅವನ ಕೆಲಸ. ಕೆಲಸದಿಂದಲೇ ಆ ಹೆಸರು ಬಂದದ್ದು. ಅಪ್ಪ-ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಅದನ್ನೂ ಯಾರೂ ಓದುತ್ತಿರಲಿಲ್ಲ.

ಒಮ್ಮೆ ಅವನು ಪ್ರಯೋಗವನ್ನೇ ಮಾಡಿ ನೋಡಿದ್ದ. ನಲ್ಲಿಯಲ್ಲಿ ನೀರೇ ಬರುತ್ತಿಲ್ಲವೆಂದು ದೂರು ಕೊಟ್ಟ ಇಡೀ ಬೀದಿಗೆ, "ನಿಮ್ಮ ಮನೆಗಳಿಗೆ ನೀರು ನುಗ್ಗಿದ್ದಕ್ಕೆ ಕಚೇರಿಯು ವಿಷಾದಿಸುತ್ತದೆ" ಎಂದು ಉತ್ತರ ಕಳಿಸಿದ. ಒಬ್ಬನೂ ಕೇಳಲಿಲ್ಲ. ಒಬ್ಬ ಮುದುಕರಂತೂ ಕಚೇರಿಗೆ ಬಂದು, "ಉತ್ತರ ಬಂತಪ್ಪಾ, ಸಂತೋಷ" ಎಂದು ಕೈ ಕುಲುಕಿ ಹೋದರು.

ಇಷ್ಟು ತಿಳಿದವನಿಗೆ ಹೆಡ್ ಕ್ಲರ್ಕ್ ಕುರ್ಚಿ ಸಿಗಬೇಡವೇ? ಆ ಕುರ್ಚಿ ಖಾಲಿಯಾಗಿತ್ತು. ಎರಡೂ ಕಡೆ ಕೈಯಿದ್ದ, ಸುತ್ತ ತಿರುಗುವ, ಹಿಂದಕ್ಕೆ ಒರಗಿದರೆ ತಾನೂ ಒರಗುವ ಕುರ್ಚಿ. ಟಪಾಲಪ್ಪನ ಕುರ್ಚಿಗೆ ಕೈಗಳಿರಲಿಲ್ಲ; ಕಾಲುಗಳ ಬಗ್ಗೆಯೂ ಭರವಸೆ ಇರಲಿಲ್ಲ. ಆದರೆ ಕೈಯಿರುವ ಕುರ್ಚಿಯಲ್ಲಿ ಕೂರಲು ಡಿಗ್ರಿ ಬೇಕೆಂದು ಯಾರೋ ನಿಯಮ ಬರೆದಿದ್ದರು. ಕೂರುವ ಅಂಗಕ್ಕೂ ಡಿಗ್ರಿಗೂ ಏನು ಸಂಬಂಧವೆಂದು ಕೇಳಿದರೆ ಉತ್ತರವಿಲ್ಲ. ಡಿಗ್ರಿ ಇದ್ದವರು ಬರೆದ ನಿಯಮ, ಡಿಗ್ರಿ ಇದ್ದವರ ಬೆನ್ನಿಗೇ ಒರಗು. ಇಲ್ಲದವನು ನೆಟ್ಟಗೆ ಕೂತು ಸಾಯಲಿ!

ಹಾಗಾಗಿ ಟಪಾಲಪ್ಪ ಕಿವಿಯ ಮೇಲೆ ನರೆ ಇಣುಕುವ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿದ. ಅಲ್ಲಿಯೂ ಸಿದ್ಧಾಂತ ಅವನ ಕೈ ಬಿಡಲಿಲ್ಲ. ಮೊದಲ ಪರೀಕ್ಷೆಯಲ್ಲಿ ರಾಜ್ಯಾಂಗದ ಪ್ರಶ್ನೆಗೆ ಉತ್ತರ ತೋಚದೆ ಪಂಪ್‌ಹೌಸಿನ ಮೋಟರ್ ಬಿಚ್ಚುವುದು ಹೇಗೆಂದು ಪುಟಗಟ್ಟಲೆ ಬರೆದು ಬಂದ. ಫಲಿತಾಂಶ ಬಂದಾಗ ನೋಡಿದರೆ, ರಾಜ್ಯಾಂಗವನ್ನು ಅರೆದು ಕುಡಿದವರಿಗಿಂತ ಅವನಿಗೇ ಅಂಕ ಹೆಚ್ಚು. ತಿದ್ದುವವರು ಹಾಳೆಯ ದಪ್ಪ ನೋಡುತ್ತಾರೆ, ಒಳಗಿನ ಮಾತನ್ನಲ್ಲ ಎಂದು ಟಪಾಲಪ್ಪ ಪೆನ್ನಿನ ಕ್ಯಾಪು ಮುಚ್ಚಿ ತೀರ್ಪು ಕೊಟ್ಟ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದು ಡಿಗ್ರಿ ಇನ್ನೇನು ಕೈಗೆ ಬಂತು ಎನ್ನುವಾಗ ವಿಶ್ವವಿದ್ಯಾಲಯಕ್ಕೆ ಇ-ಪೋರ್ಟ್‌ಫೋಲಿಯೊ ಬಂತು.

ಅದನ್ನು ತಂದವರು ಹೊಸದಾಗಿ ಸೇರಿದ್ದ ಅಧ್ಯಾಪಕಿ. ಮಾತು ಮಾತಿಗೂ "ಪ್ರತಿಫಲಿಸಿ, ಪ್ರತಿಫಲಿಸಿ" ಎನ್ನುತ್ತಿದ್ದುದರಿಂದ ವಿದ್ಯಾರ್ಥಿಗಳು ಅವರಿಗೆ ಕನ್ನಡಿ ಮೇಡಂ ಎಂದು ಹೆಸರಿಟ್ಟಿದ್ದರು.

"ಇನ್ನು ಮುಂದೆ ಪರೀಕ್ಷೆ ಒಂದೇ ಸಾಲದು," ಎಂದು ಮೇಡಂ ತರಗತಿಯಲ್ಲಿ ಸಾರಿದರು. "ನೀವು ಏನು ಕಲಿತಿರಿ, ಯಾರಿಂದ ಕಲಿತಿರಿ, ಹೇಗೆ ಬದಲಾದಿರಿ, ಎಲ್ಲವನ್ನೂ ನೀವೇ ಬರೆದು, ಫೋಟೊ ಸಾಕ್ಷ್ಯದ ಜೊತೆ ನಿಮ್ಮ ಪೋರ್ಟ್‌ಫೋಲಿಯೊಗೆ ಏರಿಸಬೇಕು. ನಿಮ್ಮನ್ನು ಬಲ್ಲ ಮೂವರು ಅದನ್ನು ಒಪ್ಪಬೇಕು. ಕೆಲಸದ ಜಾಗದಿಂದ ಒಬ್ಬರು, ನೆಂಟರಲ್ಲಿ ಒಬ್ಬರು, ನೀವು ಕಲಿಯೋದನ್ನ ಹತ್ತಿರದಿಂದ ಕಂಡವರೊಬ್ಬರು. ಮೂರು ಒಪ್ಪಿಗೆ ಬರದಿದ್ದರೆ ಡಿಗ್ರಿ ಇಲ್ಲ."

"ತಪ್ಪು ಬರೆದರೆ ಅಳಿಸಬಹುದಾ ಮೇಡಂ?" ಎಂದು ಹಿಂದಿನ ಬೆಂಚು ಕೇಳಿತು.

"ಇಲ್ಲ. ತಪ್ಪೂ ಕಲಿಕೆಯೇ. ಅದಕ್ಕೇ ಅಳಿಸೋ ಗುಂಡಿನೇ ತೆಗೆಸಿಬಿಟ್ಟಿದೀವಿ," ಎಂದು ಮೇಡಂ ಹೆಮ್ಮೆಯಿಂದ ನಕ್ಕರು.

ಟಪಾಲಪ್ಪ ಅಕ್ಕಪಕ್ಕದವರ ಬೆವರಿದ ಮುಖಗಳನ್ನು ನೋಡಿ ಮರುಗಿದ. ಪಾಪ, ಎಳೆಯ ಹುಡುಗರು, ಯಾರೋ ಓದುತ್ತಾರೆಂದು ನಂಬಿದ್ದಾರೆ!

ಮರುದಿನ ಊಟದ ವೇಳೆಯಲ್ಲಿ ಕಚೇರಿಯ ಕಂಪ್ಯೂಟರಿನ ಮುಂದೆ ಕೂತು ಅವನು ಪೋರ್ಟ್‌ಫೋಲಿಯೊ ತುಂಬಿದ. ಶೀರ್ಷಿಕೆಗಳನ್ನು ಯಂತ್ರವೇ ಕೊಟ್ಟಿತ್ತು. "ನಾಯಕತ್ವ: ನೀವು ಕಂಡ ಮಾದರಿ" ಎಂಬುದರ ಕೆಳಗೆ ಹೀಗೆ ಬರೆದ: "ನಮ್ಮ ಸಾಹೇಬರು ಮಧ್ಯಾಹ್ನದ ನಂತರ ಕಣ್ಣು ಮುಚ್ಚಿಕೊಂಡೇ ಕಚೇರಿ ನಡೆಸುತ್ತಾರೆ. ಅವರು ಎಚ್ಚರವಾಗಿದ್ದಾಗ ಕಡತಗಳು ಕಳೆಯುತ್ತವೆ. ಮಲಗಿದ್ದಾಗ ತಾವಾಗಿಯೇ ಸಿಗುತ್ತವೆ. ನಾಯಕನೆಂದರೆ ಕೆಲಸಕ್ಕೆ ಅಡ್ಡ ಬಾರದವನು ಎಂದು ಇವರಿಂದ ಕಲಿತೆ." ಸಾಕ್ಷ್ಯ ಎದುರಿಗೇ ಇತ್ತು. ಗಾಜಿನ ಬಾಗಿಲಾಚೆ ಸಾಹೇಬರು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಆಡಳಿತದಲ್ಲಿ ತೊಡಗಿದ್ದರು. ಟಪಾಲಪ್ಪ ಫೋನೆತ್ತಿ ಫೋಟೊ ಹಿಡಿದು ಏರಿಸಿದ. ಬೆಳಕು ಚೆನ್ನಾಗಿದ್ದುದರಿಂದ ದವಡೆ ಹಲ್ಲಿನ ತನಕ ಎಲ್ಲವೂ ಸ್ಪಷ್ಟವಾಗಿ ಬಂದಿತ್ತು.

"ಸೂಕ್ಷ್ಮ ಅವಲೋಕನ" ಎಂಬುದರ ಕೆಳಗೆ ಹೆಂಡತಿಯ ಅಣ್ಣ ಬಂದ. "ನಮ್ಮ ಭಾವ ಡ್ರೈವಿಂಗ್ ಸ್ಕೂಲು ನಡೆಸುತ್ತಾರೆ. ಮುಂದಕ್ಕೆ ಹೋಗುವುದನ್ನು ಬಹಳ ಚೆನ್ನಾಗಿ ಕಲಿಸುತ್ತಾರೆ. ಹಿಂದಕ್ಕೆ ಬರುವುದು ಅವರಿಗೇ ಬರುವುದಿಲ್ಲ. ನಮ್ಮ ಮನೆಯ ಕಾಂಪೌಂಡ್ ಗೋಡೆಗೆ ಲಾರಿ ಗುದ್ದಿತೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಮ್ಮ ಬೀದಿಯೊಳಗೆ ಲಾರಿ ತೂರುವುದಿಲ್ಲ." ಸಾಕ್ಷ್ಯವಾಗಿ ಗೋಡೆಗೆ ಮೆತ್ತಿದ ಕೆಂಪು ಬಣ್ಣ, ಮತ್ತು ಭಾವನ ಕೆಂಪು ಕಾರಿನ ಜಜ್ಜಿದ ಹಿಂಭಾಗ, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟ.

"ತಾಳ್ಮೆ" ಎಂಬುದರ ಕೆಳಗೆ, "ಕನ್ನಡಿ ಮೇಡಂ ಅವರ ತರಗತಿಯಲ್ಲಿ ಕಲಿತೆ" ಎಂದಷ್ಟೇ ಬರೆದ. ಅದಕ್ಕೆ ಸಾಕ್ಷ್ಯ ಬೇಕೆನಿಸಲಿಲ್ಲ.

ಕೊನೆಯಲ್ಲಿ ಒಪ್ಪುವ ಮೂವರ ಫೋನ್ ನಂಬರು ಕೇಳಿತು. ಕೆಲಸದ ಕಡೆಯಿಂದ ಸಾಹೇಬರು. ನೆಂಟರಲ್ಲಿ ಭಾವ. ಮೂರನೆಯದಕ್ಕೆ ಯಾರೂ ತೋಚದೆ, ನೋಡದೆ ಒತ್ತಬಲ್ಲ ಒಂದೇ ನಂಬರು, ಹೆಂಡತಿಯದನ್ನು ಒತ್ತಿದ. ಯಾರು ನೋಡಬಹುದು ಎಂಬ ಪ್ರಶ್ನೆಗೆ "ಎಲ್ಲರೂ" ಎಂದು ಒಪ್ಪಿದ, ಏಕೆಂದರೆ "ಕೆಲವರು" ಎಂದರೆ ಆ ಕೆಲವರ ಹೆಸರುಗಳನ್ನು ತುಂಬಬೇಕಿತ್ತು. ಮುಖ್ಯವಾಗಿ, ಒಪ್ಪುವವರಿಗೆ ಒಂದು ಗುಂಡಿ ಮಾತ್ರ ಹೋಗುತ್ತದೆ, ಅದನ್ನು ಒತ್ತುತ್ತಾರೆ, ಮುಗಿಯಿತು ಎಂದುಕೊಂಡ. ಇಷ್ಟು ವರ್ಷ ಸಾಹೇಬರು ಅವನ ಕೈಯಿಂದ ಕಾಗದ ತೆಗೆದುಕೊಂಡು ಸಹಿ ಹಾಕಿದ್ದು ಹಾಗೆಯೇ ಅಲ್ಲವೇ?

ಆದರೆ ಕಾಗದದ ಮೇಲೆ ಮನುಷ್ಯನ ಬಾಯಿಯ ಫೋಟೊ ಇರುವುದಿಲ್ಲ. ಟಪಾಲಪ್ಪನ ಸಿದ್ಧಾಂತದಲ್ಲಿ ಇದ್ದ ಒಂದೇ ಒಂದು ತೂತು ಅದು, ಮತ್ತು ಅದು ಸಾಹೇಬರ ಬಾಯಿಯಷ್ಟೇ ಅಗಲವಾಗಿತ್ತು.

ಮರುದಿನ ಅವನು ಕಚೇರಿಗೆ ಬಂದಾಗ ಇಡೀ ಸಿಬ್ಬಂದಿ ಒಂದು ಫೋನಿನ ಸುತ್ತ ಮುತ್ತಿಕೊಂಡಿತ್ತು. ಬೆರಳಚ್ಚಿನಾಕೆ ಮೇಜಿಗೆ ತಲೆಯಿಟ್ಟು ಅಳುತ್ತಿದ್ದಾಳೆಂದು ಅವನು ಗಾಬರಿಯಾದ. ಹತ್ತಿರ ಹೋದರೆ ನಗುತ್ತಿದ್ದಳು. ಅಷ್ಟರಲ್ಲಿ ಒಳಗಿನ ಗಂಟೆ ಬಡಿದುಕೊಂಡಿತು.

"ಏನ್ರೀ ಇದು?" ಸಾಹೇಬರು ಫೋನು ಮುಂದಕ್ಕೆ ಹಿಡಿದರು.

"ಬಾಯಿ ಸಾರ್."

"ಯಾರ ಬಾಯಿ?"

"ನಿಮ್ಮದೇ ಸಾರ್."

"ನನ್ನ ಬಾಯಿ ನನಗೆ ಗೊತ್ತಾಗಲ್ವಾ? ಅದು ಇದರೊಳಗೆ ಹೆಂಗೆ ಬಂತು ಅಂತ ಕೇಳ್ತಿದೀನಿ!"

"ಸಾರ್... ನೀವು ಓದಿದ್ರಾ?" ಟಪಾಲಪ್ಪನ ದನಿಯಲ್ಲಿ ಭಯಕ್ಕಿಂತ ಅಚ್ಚರಿಯೇ ಹೆಚ್ಚಾಗಿತ್ತು. ತನ್ನ ಇಡೀ ಸೇವಾವಧಿಯಲ್ಲಿ ಸಾಹೇಬರು ಒಂದು ಸಾಲನ್ನು ಕೊನೆಮುಟ್ಟ ಓದಿದ್ದನ್ನು ಅವನು ಕಂಡಿರಲಿಲ್ಲ.

"ನಾನ್ ಓದ್ದೆ, ನನ್ನ ಹೆಂಡತಿ ಓದಿದ್ಲು, ನನ್ನ ಮಾವ ಓದಿ ಫೋನ್ ಮಾಡಿ, ಅಳಿಯಂದ್ರೇ ಆ ಹಲ್ಲು ಕೀಳ್ಸಿ ಅಂತ ಹೇಳಿದ್ರು! ಹೆಡ್ ಆಫೀಸಿನವರು ನೋಡಿದ್ರೆ ನನ್ನ ಗತಿ ಏನ್ರೀ? ಹೆಡ್ ಕ್ಲರ್ಕ್ ಆಗ್ಬೇಕಾ ನಿಮಗೆ? ಆ ಕುರ್ಚಿನ ಬೇಕಾದ್ರೆ ಒಲೆಗೆ ಹಾಕ್ತೀನಿ, ನಿಮಗೆ ಮಾತ್ರ ಕೊಡಲ್ಲ!"

ಹೀಗೆ ಗುಡುಗುತ್ತಲೇ ಸಾಹೇಬರ ಹೆಬ್ಬೆರಳು ಪರದೆಯನ್ನು ಕೆಳಕ್ಕೆ ಸರಿಸಿತು. ಕಣ್ಣು ಎರಡನೆಯ ಭಾಗದ ಮೇಲೆ ಬಿತ್ತು. ಹುಬ್ಬು ಸಡಿಲವಾಯಿತು. ಹೊಟ್ಟೆ ಕುಲುಕಿತು.

"ಈ ಹಿಂದಕ್ಕೆ ಬರಕ್ಕೆ ಬಾರದೋನು ಯಾರ್ರೀ?... ಬಸ್ ಸ್ಟಾಪ್ ಹತ್ರ ಸ್ಕೂಲ್ ಇಟ್ಕೊಂಡಿದಾನಲ್ಲ, ಅವನಾ? ಅಯ್ಯಯ್ಯೋ, ನನ್ನ ಮಗಳನ್ನ ಅಲ್ಲೇ ಸೇರಿಸಿದೀನಲ್ರೀ!"

ಆ ಕ್ಷಣವೇ ಸಾಹೇಬರು ಮಗಳಿಗೆ ಫೋನ್ ಮಾಡಿ ಡ್ರೈವಿಂಗ್ ಬಿಡಿಸಿದರು. ಮಗಳು ಗೆಳತಿಯರಿಗೆ ಹೇಳಿದಳು. ಗೆಳತಿಯರು ಗೋಡೆಯ ಫೋಟೊ ನೋಡಿದರು. ಸಂಜೆಯ ಹೊತ್ತಿಗೆ ಭಾವನ ಸ್ಕೂಲಿಗೆ ಬಂದವರೆಲ್ಲ ಸ್ಟೀರಿಂಗ್ ಹಿಡಿಯುವ ಮೊದಲು, "ಸಾರ್, ನೀವೊಂದ್ಸಲ ಹಿಂದಕ್ಕೆ ಬಂದು ತೋರಿಸಿ" ಎನ್ನತೊಡಗಿದರು.

ಭಾವ ಇದ್ದದ್ದು ಟಪಾಲಪ್ಪನ ಮನೆಯ ಮೇಲಿನ ಮಹಡಿಯಲ್ಲಿ. ಅವತ್ತು ಅವನು ಮೆಟ್ಟಿಲಿಳಿದ ಸದ್ದಿಗೆ ಕೆಳಗಿನ ಮನೆಯ ಪಾತ್ರೆಗಳು ನಡುಗಿದವು.

"ಏನಯ್ಯಾ, ನನ್ನ ತಂಗೀನ ಕೊಟ್ಟೆ. ಇರಕ್ಕೆ ಕೆಳಗಿನ ಮನೆ ಕೊಟ್ಟೆ. ಅದರ ಗೋಡೆನ ನನ್ನ ಮೇಲೇ ಸಾಕ್ಷಿಗೆ ನಿಲ್ಲಿಸ್ತೀಯಾ?"

"ಭಾವ, ಅದು ನನ್ನ ಅವಲೋಕನ..."

"ಅವಲೋಕನಕ್ಕೆ ಬೇರೆ ಗೋಡೆ ಇರಲಿಲ್ವಾ ಊರಲ್ಲಿ? ನಾನು ಒಪ್ಪಿಗೆ ಕೊಡ್ಬೇಕಂತೆ ನಾನು! ನಾನು ಗುಂಡಿ ಒತ್ತಿದ್ರೆ ಹೌದು, ಗುದ್ದಿದ್ದು ನಾನೇ ಅಂತ ಆಗಲ್ವೇನಯ್ಯಾ?"

ಇಷ್ಟರಲ್ಲಿ ಮುರಿದ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆಯ ತಲೆ ಕಾಣಿಸಿತು. ಗೋಡೆ ಮುರಿದ ದಿನದಿಂದ ಆಕೆಗೆ ಇಣುಕುವುದು ಬಹಳ ಸಲೀಸಾಗಿತ್ತು. "ನಾನೂ ಓದ್ದೆ ಕಣ್ರೀ! ಎಷ್ಟು ಚೆನ್ನಾಗಿ ಬರ್ದಿದೀರಿ! ಕೆಳಗೆ ಅಭಿಪ್ರಾಯ ಬರೀಬಹುದು ಅಂತ ಇತ್ತು, ಬರ್ದೆ. ಗೋಡೆ ಬಿದ್ದಾಗ ನಾನು ಬಟ್ಟೆ ಒಣಹಾಕ್ತಿದ್ದೆ, ಲಾರಿ ಗೀರಿ ಯಾವುದೂ ಬರಲಿಲ್ಲ, ನಾನೇ ಸಾಕ್ಷಿ ಅಂತ. ಇನ್ನೊಂದು ಭಾಗ ಯಾವಾಗ ಬರುತ್ತೆ?"

ಭಾವ ಹಲ್ಲು ಕಡಿದ. ಆದರೆ ಅವನೂ ಮನುಷ್ಯನೇ. ಮೇಲಕ್ಕೆ ಹೋಗಿ, ತನ್ನ ಪಾಲಿನ ಅವಮಾನವನ್ನು ಇನ್ನೊಮ್ಮೆ ಓದಿ, ಅದರ ಮೇಲಿದ್ದ ಸಾಹೇಬರ ಬಾಯಿಯ ಫೋಟೊವನ್ನು ನೋಡಿದ. ಕೆಳಗಿನ ಮನೆಗೆ ಅವನ ನಗು ಕೇಳಿಸಿತು. ಮಾರನೆಯ ದಿನ ಡ್ರೈವಿಂಗ್ ಸ್ಕೂಲಿಗೆ ಬಂದವರಿಗೆಲ್ಲ, "ನನ್ನ ಗೋಡೆ ಬಿಡ್ರೀ, ನಿಮ್ಮ ನಲ್ಲಿಗೆ ಯಾಕೆ ನೀರು ಬರಲ್ಲ ಅಂತ ಇಲ್ಲಿ ನೋಡಿ" ಎಂದು ಆ ಬಾಯಿಯನ್ನು ತೋರಿಸತೊಡಗಿದ. ಅದು ಸಾಹೇಬರ ಕಿವಿಗೆ ಬಿತ್ತು. ಸಾಹೇಬರು ಕಚೇರಿಗೆ ಬಂದವರಿಗೆಲ್ಲ ಗೋಡೆ ತೋರಿಸತೊಡಗಿದರು. ಒಬ್ಬರನ್ನೊಬ್ಬರು ಕಣ್ಣಿಂದ ನೋಡದ ಇಬ್ಬರು ಗಂಡಸರು ಊರ ಎರಡು ತುದಿಗಳಲ್ಲಿ ನಿಂತು ಟಪಾಲಪ್ಪನ ಬರವಣಿಗೆಯನ್ನು ಮನೆಮನೆಗೆ ಮುಟ್ಟಿಸಿದರು. ಯಾವ ದೊಡ್ಡ ಬರಹಗಾರನಿಗೆ ಇಂಥ ಪ್ರಚಾರಕರು ಸಿಕ್ಕಾರು?

ಅಷ್ಟಾದರೂ ಇಬ್ಬರಲ್ಲಿ ಒಬ್ಬರೂ ಗುಂಡಿ ಒತ್ತಲಿಲ್ಲ.

ಮನೆಯಲ್ಲಿ ಹೆಂಡತಿ ಮಾತ್ರ ಏನೂ ಹೇಳಿರಲಿಲ್ಲ. ಬಟ್ಟಲು ಇಡುವಾಗ ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೇ. ಇವಳೊಬ್ಬಳಾದರೂ ಓದಿಲ್ಲವಲ್ಲ ಎಂದು ಟಪಾಲಪ್ಪ ಸಮಾಧಾನಪಟ್ಟುಕೊಂಡು, "ನೋಡು, ನಿನಗೂ ಒಂದು ಗುಂಡಿ ಬಂದಿರತ್ತೆ. ಒತ್ತಿಬಿಡು" ಎಂದ.

"ಓದ್ದೆ," ಎಂದಳು.

"ಯಾವಾಗ?"

"ಬಂದ ದಿನಾನೇ. ಎರಡು ಸಲ ಓದ್ದೆ. ಮೊದಲ ಸಲ ಎಲ್ಲೋ ತಪ್ಪಿಸ್ಕೊಂಡಿದೀನಿ ಅನ್ಕೊಂಡೆ."

"ಏನು?"

"ನಾನು." ಅವಳು ಕೈ ಒರೆಸಿಕೊಂಡು ಎದುರಿಗೆ ಕೂತಳು. "ಗೋಡೆಗೆ ಜಾಗ ಇದೆ. ನಿಮ್ಮ ಸಾಹೇಬರ ದವಡೆ ಹಲ್ಲಿಗೆ ಜಾಗ ಇದೆ. ಏನು ಕಲಿತಿರಿ, ಯಾರಿಂದ ಕಲಿತಿರಿ ಅಂತ ಕೇಳಿದಾರೆ. ನನ್ನ ಬಗ್ಗೆ ಒಂದಕ್ಷರ ಇಲ್ಲ. ಮನೇಲಿ ಬರೆಯೋಕೆ ಕೊಡ್ತಿದ್ದ ಪ್ರಬಂಧಗಳನ್ನೆಲ್ಲ ಬರೆದೋರು ಯಾರ್ರೀ?"

"ಶ್! ಮೆಲ್ಲಗೆ! ಪಕ್ಕದವಳು ಕೇಳಿಸ್ಕೋತಾಳೆ!"

"ಪುಸ್ತಕ ಓದ್ದೋಳು ನಾನು. ಅರ್ಥ ಮಾಡ್ಕೊಂಡು ನಿಮಗೆ ಹೇಳ್ಕೊಟ್ಟೋಳು ನಾನು. ನೀವು ಆಕಳಿಸ್ತಾ ಕೂತಿದ್ದಾಗ ಬರೆದೋಳು ನಾನು. ಕೆಳಗೆ ಸಹಿ ನಿಮ್ಮದು. ಇರ್ಲಿ ಅಂತ ಸುಮ್ನಿದ್ದೆ. ಈಗ ಊರವರ ಬಗ್ಗೆಯೆಲ್ಲ ಬರ್ದಿದೀರಿ. ನನ್ನದನ್ನೂ ಬರೀರಿ. ಇದ್ದದ್ದು ಇದ್ದಹಾಗೆ. ಆಮೇಲೆ ಒತ್ತೀನಿ."

"ಅದನ್ನ ಬರೆದ್ರೆ ನನ್ನ ಡಿಗ್ರಿಗೇ ಎಳ್ಳುನೀರು ಕಣೇ!"

"ಯಾಕೆ? ಯಾರೂ ಓದಲ್ಲ ಅಂತ ನೀವೇ ಹೇಳ್ತೀರಲ್ಲ, ಬರೀರಿ ಹಾಗಾದ್ರೆ."

ಟಪಾಲಪ್ಪನ ಬಾಯಿ ಸಾಹೇಬರ ಫೋಟೊದಲ್ಲಿದ್ದಂತೆಯೇ ತೆರೆದು ನಿಂತಿತು.

ಗತಿಯಿಲ್ಲದೆ ಅವನು ಕನ್ನಡಿ ಮೇಡಂ ಹತ್ತಿರ ಓಡಿದ. ಅಳಿಸುವ ಗುಂಡಿಯನ್ನು ಒಂದು ಗಳಿಗೆ ವಾಪಸು ಕೊಡಿಸಿ ಎಂದು ಕೈ ಮುಗಿಯಬೇಕೆಂದುಕೊಂಡರೆ, ಅವರೇ ಎದ್ದು ಬಂದು ಅವನ ಕೈ ಹಿಡಿದುಕೊಂಡರು.

"ನೀವೇ! ನೀವೊಬ್ಬರೇ! ಮಿಕ್ಕವರೆಲ್ಲ ಒಬ್ಬರದನ್ನೊಬ್ಬರು ನಕಲು ಮಾಡಿದಾರೆ. ಇಡೀ ತರಗತಿಗೆ ಒಂದೇ ಅಜ್ಜಿ, ಎಲ್ಲರೂ ಅವಳಿಂದಲೇ ಶಿಸ್ತು ಕಲಿತಿದಾರೆ! ನಿಮ್ಮದು ಮಾತ್ರ ಅಪ್ಪಟ. ನನ್ನ ಬಗ್ಗೆ ಬರೆದದ್ದನ್ನೂ ಓದಿದೆ. ತುಂಬಾ ಪ್ರತಿಫಲಿಸಿದೆ." ಅವರ ಕಣ್ಣಂಚು ಒದ್ದೆಯಾಗಿದ್ದಂತಿತ್ತು, ಸಿಟ್ಟಿಗೋ ಸಂತೋಷಕ್ಕೋ ಹೇಳುವುದು ಕಷ್ಟ. "ಶನಿವಾರ ಕುಲಪತಿಗಳು ಉದ್ಘಾಟನೆ ಮಾಡ್ತಾರೆ. ಅವರ ಮುಂದೆ ಪೂರ್ತಿಯಾದ ಒಂದಾದರೂ ಪೋರ್ಟ್‌ಫೋಲಿಯೊ ತೋರಿಸ್ಲೇಬೇಕು. ನಿಮ್ಮ ಮೂರು ಒಪ್ಪಿಗೆ ಎಲ್ಲಿ?"

"ಮೇಡಂ, ಅವರು ಒಪ್ಪೋ ಬದಲು ನನ್ನನ್ನ ಕೊಲ್ತಾರೆ."

"ಯಾಕೆ? ಅವರಿಗೆ ಒಂದು ಮಾತು ಗೊತ್ತಿಲ್ಲ ಅನ್ನಿಸತ್ತೆ. ಒಪ್ಪಿಗೆ ಬರೋ ತನಕ ಮಾತ್ರ ಇದು ಎಲ್ಲರಿಗೂ ತೆರೆದಿರತ್ತೆ. ಮೂರನೇ ಒಪ್ಪಿಗೆ ಬಿದ್ದ ತಕ್ಷಣ ಎಲ್ಲಾ ಬೀಗ ಬಿದ್ದು ಪರೀಕ್ಷಾ ವಿಭಾಗದ ಭಂಡಾರಕ್ಕೆ ಹೋಗತ್ತೆ. ಆಮೇಲೆ ಅದನ್ನ ನೋಡ್ಬೇಕು ಅಂದ್ರೆ ಅರ್ಜಿ ಹಾಕ್ಬೇಕು."

"ಅರ್ಜಿ?"

"ಅರ್ಜಿ. ಅದು ಪರಿಶೀಲನೆಗೆ ಹೋಗತ್ತೆ."

ಪರಿಶೀಲನೆ! ಟಪಾಲಪ್ಪನಿಗೆ ತನ್ನ ಊರಿನ ಹೆಸರು ಕೇಳಿದಷ್ಟು ಹಿತವಾಯಿತು. ಅವನು ಅಲ್ಲಿಂದಲೇ ಸಾಹೇಬರಿಗೂ ಭಾವನಿಗೂ ಫೋನ್ ಮಾಡಿ, ಸ್ವಂತ ಕುರ್ಚಿಯಲ್ಲಿ ಒರಗಿ ಕೂತವನ ದನಿಯಲ್ಲಿ ಹೇಳಿದ: "ಒಪ್ಪದೇ ಇದ್ರೆ ಊರೆಲ್ಲ ನೋಡತ್ತೆ. ಒಪ್ಪಿದ್ರೆ ದೇವರಿಗೂ ಸಿಗಲ್ಲ. ಶನಿವಾರ ಬಂದು ಒತ್ತಿ. ಚಹಾ ಇರತ್ತೆ."

ಶನಿವಾರ ವಿಶ್ವವಿದ್ಯಾಲಯದ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ಗೋಡೆಯಗಲದ ಪರದೆ. ಪರದೆಯ ಮೇಲೆ, ಮಾದರಿಯೆಂದು ಕನ್ನಡಿ ಮೇಡಂ ತೆರೆದಿಟ್ಟಿದ್ದ ಟಪಾಲಪ್ಪನ ಪೋರ್ಟ್‌ಫೋಲಿಯೊ. ಅದು ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು: ಬಾಗಿಲಿನಷ್ಟು ದೊಡ್ಡ ಬಾಯಿ, ಆಮೇಲೆ ಗೋಡೆ, ಮತ್ತೆ ಬಾಯಿ, ಮತ್ತೆ ಗೋಡೆ. ಸಭೆ ಪ್ರತಿ ಸುತ್ತಿಗೂ ಹೊಸದೆಂಬಂತೆ ನಗುತ್ತಿತ್ತು.

ಸಾಹೇಬರೂ ಭಾವನೂ ಒಂದೇ ಬಾಗಿಲಿನಿಂದ ಒಟ್ಟಿಗೆ ನುಗ್ಗಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದರು.

"ಹಿಂದಕ್ಕೆ ಹೋಗ್ರೀ! ಓ, ಮರ್ತೆ, ನಿಮಗೆ ಬರಲ್ವಲ್ಲ," ಎಂದರು ಸಾಹೇಬರು.

"ಬಾಯಿ ಮುಚ್ಚಿ! ಅದು ನಿಮಗೆ ಬರಲ್ವಲ್ಲ," ಎಂದ ಭಾವ.

"ದಯವಿಟ್ಟು ಜಗಳ ಆಮೇಲೆ!" ಕನ್ನಡಿ ಮೇಡಂ ಇಬ್ಬರನ್ನೂ ವೇದಿಕೆಯ ಪಕ್ಕದ ಕೋಣೆಗೆ ಎಳೆದೊಯ್ದರು. ಅಲ್ಲಿ ಟಪಾಲಪ್ಪ ಬೆವರುತ್ತ ನಿಂತಿದ್ದ. ಅವನ ಹೆಂಡತಿ ಕಿಟಕಿಯ ಪಕ್ಕ ಆರಾಮವಾಗಿ ಕೂತು ಚಹಾ ಹೀರುತ್ತಿದ್ದಳು. ಸಾಹೇಬರು ಫೋನು ತೆಗೆದು ಒತ್ತಿದರು. ಭಾವ ಅವರಿಗಿಂತ ಮೊದಲು ಒತ್ತಬೇಕೆಂದು ಎರಡು ಬಾರಿ ತಪ್ಪು ಗುಂಡಿ ಒತ್ತಿ, ಕೊನೆಗೆ ಸರಿಯಾದದ್ದನ್ನು ಒತ್ತಿದ. ಇಬ್ಬರೂ ಉಸಿರು ಬಿಟ್ಟು ಬಾಗಿಲಿನಿಂದ ಪರದೆಯ ಕಡೆ ಇಣುಕಿದರು. ಬಾಯಿ ಹಾಗೇ ಇತ್ತು.

"ಇನ್ನೂ ಹೋಗಿಲ್ವಲ್ರೀ!"

"ಇನ್ನೊಂದು ಒಪ್ಪಿಗೆ ಬಾಕಿ ಇದೆ," ಎಂದರು ಮೇಡಂ.

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಅವಳು ಬಟ್ಟಲು ಕೆಳಗಿಟ್ಟಳು.

"ಅವರು ಬರೀಲಿ, ಒತ್ತೀನಿ."

"ಬರಿಯಯ್ಯಾ!" ಎಂದ ಭಾವ.

"ಬರೀರಿ, ಇದು ಆಫೀಸ್ ಆರ್ಡರು!" ಎಂದರು ಸಾಹೇಬರು. "ಏನ್ ಬರೀಬೇಕಂತೆ? ಪತ್ನಿಯೇ ನನ್ನ ಸ್ಫೂರ್ತಿ ಅಂತ ಹಾಕಿ, ಮುಗೀತು!"

"ಸ್ಫೂರ್ತಿ ಗೀರ್ತಿ ಬೇಡ ನನಗೆ," ಎಂದಳು ಅವಳು.

ಹೊರಗೆ ಜನ ಎದ್ದು ನಿಲ್ಲುವ ಸದ್ದು ಕೇಳಿಸಿತು. ಕುಲಪತಿಗಳು ಬಂದರು. ಟಪಾಲಪ್ಪ ಮೇಡಂ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಒಂದು ಕಡೆ ಬರೆದರೆ ಡಿಗ್ರಿ ಹೋಗುತ್ತದೆ, ಇನ್ನೊಂದು ಕಡೆ ಬರೆಯದಿದ್ದರೂ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕವನಿಗೂ ಒಂದು ಧೈರ್ಯ ಬರುತ್ತದೆ. ಹೇಗೂ ತುಂಡಾಗುವುದೇ, ನೆಟ್ಟಗೆ ತುಂಡಾಗೋಣ ಎಂಬ ಧೈರ್ಯ. ಅವನು ಫೋನು ತೆಗೆದು, "ತಂಡದ ಕೆಲಸ" ಎಂಬ ಶೀರ್ಷಿಕೆ ಆರಿಸಿ ಬೆರಳಾಡಿಸತೊಡಗಿದ. ಹೆಂಡತಿ ಬಂದು ಹೆಗಲ ಮೇಲಿಂದ ಬಗ್ಗಿದಳು.

"'ಪ್ರಬಂಧಗಳಲ್ಲಿ ಹೆಂಡತಿ ಸ್ವಲ್ಪ ಸಹಕರಿಸಿದಳು.' ಸರೀನಾ?"

"ಸ್ವಲ್ಪ ತೆಗೀರಿ."

"'ಹೆಂಡತಿ ಸಹಕರಿಸಿದಳು.'"

"ಸಹಕಾರ ಅಲ್ಲ. ಬರೆದಳು ಅಂತ ಬರೀರಿ."

"ಕೆಲವನ್ನ?"

"ಎಲ್ಲವನ್ನ."

ಕೊನೆಗೆ ಫೋನಿನ ಪರದೆಯ ಮೇಲೆ ಉಳಿದದ್ದು ಇಷ್ಟು: "ನನ್ನ ಪ್ರಬಂಧಗಳನ್ನೆಲ್ಲ ಬರೆದದ್ದು ನನ್ನ ಹೆಂಡತಿ. ಪುಸ್ತಕಗಳನ್ನು ಅವಳೇ ಓದಿದಳು, ನನಗೂ ಹೇಳಿಕೊಟ್ಟಳು. ಅರ್ಥವಾದದ್ದು ಅವಳಿಗೆ. ನಾನು ಸಹಿ ಹಾಕಿದೆ."

ಸಾಕ್ಷ್ಯಕ್ಕೆ ಫೋಟೊ ಕೇಳಿತು. ಟಪಾಲಪ್ಪ ಫೋನೆತ್ತಿ ಹೆಂಡತಿಯ ಮುಖ ಹಿಡಿದ. ಅವಳು ನಗಲಿಲ್ಲ, ಗೆದ್ದವರು ಹೇಗೆ ನೋಡುತ್ತಾರೋ ಹಾಗೆ ನೋಡಿದಳು.

ಆಗಲೇ ಹಿಂದಿನಿಂದ ಒಂದು ನಿಟ್ಟುಸಿರು ಕೇಳಿಸಿತು. ಕನ್ನಡಿ ಮೇಡಂ ಎಲ್ಲವನ್ನೂ ಓದಿ ಮುಗಿಸಿದ್ದರು. ಟಪಾಲಪ್ಪ ಕಣ್ಣು ಮುಚ್ಚಿಕೊಂಡ. ಮೇಡಂ ಒಮ್ಮೆ ಫೋನು ನೋಡಿದರು, ಒಮ್ಮೆ ವೇದಿಕೆಯ ಕಡೆ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ಕಳ್ಳತನ," ಎಂದರು.

"ಹೌದು ಮೇಡಂ."

"ಮುಂದಿನ ವಾರ ನನ್ನ ಎದುರಿಗೆ ಕೂತು ಆ ಎಲ್ಲ ಪ್ರಬಂಧಗಳನ್ನೂ ನೀವೇ ಮೊದಲಿಂದ ಬರೀತೀರಿ. ಆಮೇಲೇ ಡಿಗ್ರಿ. ನಾನು ಓದ್ತೀನಿ."

"ಪ್ರತಿಯೊಂದನ್ನೂ?"

"ಪ್ರತಿ ಸಾಲನ್ನೂ."

ಡಿಗ್ರಿ ಉಳಿಯಿತೆಂಬ ಸಂತೋಷಕ್ಕಿಂತ ಈ ಬೆದರಿಕೆಯೇ ಟಪಾಲಪ್ಪನ ಎದೆಗೆ ಮೊದಲು ತಾಗಿತು.

"ಸರಿ, ಈಗ್ಲಾದ್ರೂ ಒತ್ತಮ್ಮಾ ತಾಯೀ," ಎಂದರು ಸಾಹೇಬರು, ಪರದೆಯ ಮೇಲೆ ತಮ್ಮ ಬಾಯಿ ಕುಲಪತಿಗಳ ತಲೆಯ ಹಿಂದೆಯೇ ತೆರೆದುಕೊಂಡದ್ದನ್ನು ಕಂಡು.

"ಇನ್ನೊಂದಿದೆ," ಎಂದು ಅವಳು ಅಣ್ಣನ ಕಡೆ ತಿರುಗಿದಳು. "ಪಿಯುಸಿ ಆದ ಮೇಲೆ ಡಿಗ್ರಿಗೆ ಸೇರಿಸ್ತೀನಿ ಅಂತ ಹೇಳಿ ಹೊಲಿಗೆ ಮೆಷಿನ್ ತಂದಿಟ್ಟಿದ್ಯಾರು?"

"ಅಯ್ಯೋ, ಅದು ಯಾವ ಕಾಲದ್ದು ಪುಟ್ಟಿ! ಈಗ್ಯಾಕೆ?"

"ಈಗ್ಲೇ. ನಾನು ಇಲ್ಲೇ ಸಂಜೆ ತರಗತಿಗೆ ಸೇರ್ತೀನಿ. ಸೇರು ಅಂತ ನೀನು ಹೇಳ್ಬೇಕು. ಇವರ ಮುಂದೆ."

"ಈ ವಯಸ್ಸಲ್ಲಿ..." ಎಂದು ಭಾವ ಶುರುಮಾಡಿದ. ಹೊರಗೆ ಪರದೆ ತಿರುಗಿ ಗೋಡೆ ಬಂತು. ಸಭೆ ನಕ್ಕಿತು. ಕುಲಪತಿಗಳೂ ನಕ್ಕರು. "...ಓದೋಕೆ ವಯಸ್ಸೇನಮ್ಮಾ! ಓದು! ಇವತ್ತೇ ಸೇರು! ಬೇಕಾದ್ರೆ ನಾನೇ ಕಾರಲ್ಲಿ ಬಿಟ್ಟು ಬರ್ತೀನಿ!"

"ನಡ್ಕೊಂಡೇ ಹೋಗ್ತೀನಿ," ಎಂದಳು, ಮತ್ತು ಒತ್ತಿದಳು.

ಪರದೆ ಒಮ್ಮೆ ಕಪ್ಪಾಯಿತು. ಬಾಯಿ ಹೋಯಿತು, ಗೋಡೆ ಹೋಯಿತು. ಸಾಹೇಬರೂ ಭಾವನೂ ಮೈಮರೆತು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಮೇಲೆ ಯಾರನ್ನು ತಬ್ಬಿದ್ದೇವೆಂದು ನೋಡಿ ಕೈ ಕೊಡವಿಕೊಂಡರು. ಅಷ್ಟರಲ್ಲಿ ಪರದೆಯ ಮೇಲೆ "ಮೊದಲ ಪೋರ್ಟ್‌ಫೋಲಿಯೊ ಪೂರ್ಣಗೊಂಡಿದೆ" ಎಂಬ ಅಕ್ಷರಗಳು ಮೂಡಿದವು. ಅವುಗಳ ಕೆಳಗೆ, ಕೊನೆಗೆ ಏರಿಸಿದ ಫೋಟೊ ಗೋಡೆಯಗಲಕ್ಕೆ ಅರಳಿತು.

ಕುಲಪತಿಗಳು ಕತ್ತೆತ್ತಿ ಆ ಮುಖ ನೋಡಿದರು. ಪಕ್ಕದ ಬಾಗಿಲಲ್ಲಿ ಅದೇ ಮುಖ ನಿಂತದ್ದನ್ನು ಕಂಡರು. ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

"ಬನ್ನಿಯಮ್ಮ, ಬನ್ನಿ! ನಮ್ಮ ಮೊದಲ ವಿದ್ಯಾರ್ಥಿನಿ!" ಎಂದು ಕೈ ಚಾಚಿದರು.

ಟಪಾಲಪ್ಪ ತಿದ್ದಲೆಂದು ಬಾಯಿ ತೆರೆದ. ಕನ್ನಡಿ ಮೇಡಂ ಅವನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಚಪ್ಪಾಳೆ ತಟ್ಟಿದ. ಮೊದಲು ಮೆಲ್ಲಗೆ, ಆಮೇಲೆ ಸಭಾಂಗಣದಲ್ಲಿ ಎಲ್ಲರಿಗಿಂತ ಜೋರಾಗಿ.

ಅವಳು ಗಾಬರಿಯಿಲ್ಲದೆ ಮೆಟ್ಟಿಲು ಹತ್ತಿದಳು. ಕುಲಪತಿಗಳು ಕೊಟ್ಟ ಗಾಜಿನ ಫಲಕ ತೆಗೆದುಕೊಂಡಳು. ಅವರು, "ಎರಡು ಮಾತಾಡಿ" ಎಂದಾಗ ಮೈಕಿನ ಹತ್ತಿರ ಹೋಗಿ, "ಕಷ್ಟಪಟ್ಟು ಬರ್ದಿದೀನಿ ಸಾರ್, ಥ್ಯಾಂಕ್ಸ್" ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕೆಳಗಿಳಿದು ಬಂದು, ಚಪ್ಪಾಳೆ ತಟ್ಟಿ ಕೆಂಪಾಗಿದ್ದ ಗಂಡನ ಕೈಗಳಲ್ಲಿ ಫಲಕವನ್ನಿಟ್ಟಳು.

"ಹಿಡೀರಿ, ಇದರ ಮೇಲೆ ನಿಮ್ಮ ಹೆಸರಿದೆ. ನನ್ನದನ್ನ ನಾನೇ ಬಂದು ತಗೋತೀನಿ."

ಅಷ್ಟು ಹೇಳಿ ಅವಳು ಕನ್ನಡಿ ಮೇಡಂ ಕಡೆ ತಿರುಗಿ, ಪ್ರವೇಶದ ಕೌಂಟರು ಎಷ್ಟು ಹೊತ್ತಿಗೆ ಮುಚ್ಚುತ್ತದೆಂದು ಕೇಳಿದಳು.